ಡೆಟ್ರಾಯಿಟ್ ಎಂದೂ ಖಾಲಿ ಊರಾಗಿರಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಕಲಾವಿದರು ಮರುಜೀವ ಕೊಟ್ಟ ಬಗೆಯನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾರಿನ ಕಾರ್ಖಾನೆಗಳು ಮುಚ್ಚಿದ ಊರೊಂದರ ಬಗ್ಗೆ ಕನ್ನಡದಲ್ಲಿ ಇಷ್ಟು ವಿವರವಾಗಿ ಬರೆದದ್ದು ಸಂತೋಷದ ಸಂಗತಿ. ಆದರೆ ಲೇಖನದಲ್ಲಿ ಎರಡು ಕಡೆ ಆ ನಗರವನ್ನು ‘ಜನರೇ ಇಲ್ಲದ ಖಾಲಿ ಊರು’ ಎಂದು ಕರೆಯಲಾಗಿದೆ, ಹೊರಗಿನಿಂದ ಬಂದ ಚಿತ್ರಕಾರರೂ ಉತ್ಸಾಹಿ ತರುಣರೂ ಆ ಬರಿದಾದ ನೆಲದಲ್ಲಿ ಬದುಕನ್ನು ಬಿತ್ತಿದರು ಎಂದೂ ಹೇಳಲಾಗಿದೆ. ಈ ಮಾತನ್ನು ಸುಮ್ಮನೆ ಓದಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ; ಈ ಪತ್ರ ಬರೆಯಲು ಅದೇ ಕಾರಣ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ನನ್ನ ತಂದೆ ಹತ್ತಿ ಗಿರಣಿಯೊಂದರಲ್ಲಿ ನೂಲುವ ಕೆಲಸದಲ್ಲಿದ್ದರು. ಗಿರಣಿ ಕೂಗಿದರೆ ಅಡುಗೆಮನೆಯಲ್ಲಿ ಒಲೆ ಹೊತ್ತುತ್ತಿತ್ತು, ಮತ್ತೆ ಕೂಗಿದರೆ ನಾವು ಶಾಲೆಗೆ ಹೊರಡುತ್ತಿದ್ದೆವು. 1991ರಲ್ಲಿ ಎಂಜಿನಿಯರಾಗಿ ಮಿಷಿಗನ್ ರಾಜ್ಯಕ್ಕೆ ಹೋದ ನಾನು, ಕಾರಿನ ಬಿಡಿಭಾಗಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ 28 ವರ್ಷ ದುಡಿದು, ಈಗ ನಿವೃತ್ತನಾಗಿ ಊರಿಗೆ ಮರಳಿದ್ದೇನೆ. ನಮ್ಮ ಮನೆ ಇದ್ದದ್ದು ಡೆಟ್ರಾಯಿಟ್‌ನ ಉತ್ತರದ ಟ್ರಾಯ್ ಎಂಬ ಉಪನಗರದಲ್ಲಿ. ಉಪನಗರಗಳನ್ನೂ ನಗರವನ್ನೂ ಬೇರ್ಪಡಿಸುವುದು ಎಂಟನೇ ಮೈಲಿ ರಸ್ತೆ. ಮೊದಲ ಹತ್ತು ವರ್ಷ ಆ ರಸ್ತೆಯನ್ನು ದಾಟಿ ಹೋದದ್ದು ವರ್ಷಕ್ಕೆ ಒಂದೆರಡು ಸಲ ಮಾತ್ರ. ನನ್ನ ಸಂಬಳ ಡೆಟ್ರಾಯಿಟ್‌ನ ಹೆಸರಿನಿಂದ ಬರುತ್ತಿತ್ತು, ಆದರೆ ಅಲ್ಲಿನ ಜನರ ಪರಿಚಯ ನನಗಿರಲಿಲ್ಲ. ಆಗ ನಾನೂ ಆ ಊರನ್ನು ಖಾಲಿ ಎಂದೇ ಭಾವಿಸಿದ್ದೆ. ಆ ತಪ್ಪು ತಿಳುವಳಿಕೆ ನನ್ನಲ್ಲಿ ಎಷ್ಟು ಕಾಲ ಉಳಿದಿತ್ತು ಎಂಬುದನ್ನು ಬಲ್ಲೆನಾದ್ದರಿಂದಲೇ ಅದು ನಿಮ್ಮ ಓದುಗರಲ್ಲಿ ಬೇರೂರಬಾರದೆಂಬ ಕಳಕಳಿ ನನಗಿದೆ.

ಲೆಕ್ಕದಿಂದಲೇ ಪ್ರಾರಂಭಿಸುತ್ತೇನೆ. 1950ರ ಜನಗಣತಿಯಲ್ಲಿ ಡೆಟ್ರಾಯಿಟ್‌ನ ಜನಸಂಖ್ಯೆ ಸುಮಾರು ಹದಿನೆಂಟೂವರೆ ಲಕ್ಷ. 2010ರ ಹೊತ್ತಿಗೆ ಅದು 7,13,777ಕ್ಕೆ ಇಳಿದಿತ್ತು. ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಊರಿನಲ್ಲಿ ಪಾಳುಮನೆಗಳು ಸಾವಿರ ಸಾವಿರ ಇದ್ದವು ಎಂಬುದು ನಿಜ, ಬೀದಿದೀಪ ಉರಿಯದ ಓಣಿಗಳಿದ್ದವು ಎಂಬುದೂ ನಿಜ. ಆದರೆ ಉಳಿದದ್ದು ಏಳು ಲಕ್ಷ ಜನ. ನಮ್ಮಲ್ಲಿ 2011ರ ಜನಗಣತಿ ನಡೆದಾಗ ದಾವಣಗೆರೆ ನಗರದ ಜನಸಂಖ್ಯೆ ನಾಲ್ಕು ಲಕ್ಷವನ್ನು ದಾಟಿತ್ತು. ಅದನ್ನು ಯಾರೂ ಖಾಲಿ ಊರು ಎನ್ನುವುದಿಲ್ಲ. ಡೆಟ್ರಾಯಿಟ್‌ನಲ್ಲಿ ಉಳಿದವರಲ್ಲಿ ಹತ್ತರಲ್ಲಿ ಎಂಟು ಜನ ಆಫ್ರಿಕನ್ ಅಮೆರಿಕನ್ನರಾಗಿದ್ದರು. ಅವರು ಅಲ್ಲಿರುವುದು ಕ್ಯಾಮೆರಾ ಹಿಡಿದು ಬಂದವರ ಕಣ್ಣಿಗೆ ಏಕೆ ಬೀಳಲಿಲ್ಲ ಎಂಬ ಪ್ರಶ್ನೆಗೆ ಲೇಖನ ಕೈಹಾಕಬೇಕಿತ್ತು.

ಜಪಾನಿನ ಕಾರುಗಳು ಬಂದವು, ಡೆಟ್ರಾಯಿಟ್ ಮುಳುಗಿತು ಎಂಬ ವಿವರಣೆಯೂ ಅರ್ಧ ಸತ್ಯ. ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ 1903ರಲ್ಲಿ ತಲೆಯೆತ್ತಿದ, ಸುಮಾರು 35 ಲಕ್ಷ ಚದರ ಅಡಿಗೆ ಬೆಳೆದ ಪ್ಯಾಕಾರ್ಡ್ ಕಾರ್ಖಾನೆಯಲ್ಲಿ ಕಾರಿನ ತಯಾರಿಕೆ ನಿಂತದ್ದು 1950ರ ದಶಕದ ನಡುಭಾಗದಲ್ಲಿ, ಅಂದರೆ ಅಮೆರಿಕದ ರಸ್ತೆಗಳಲ್ಲಿ ಜಪಾನಿನ ಕಾರು ಕಾಣಿಸಿಕೊಳ್ಳುವುದಕ್ಕೂ ಮೊದಲೇ. ದೊಡ್ಡ ಕಂಪನಿಗಳು ಎರಡನೇ ಮಹಾಯುದ್ಧ ಮುಗಿದ ಕೂಡಲೇ ಹೊಸ ಕಾರ್ಖಾನೆಗಳನ್ನು ನಗರದ ಗಡಿಯಾಚೆ ಕಟ್ಟತೊಡಗಿದವು. ಕೆಲಸದ ಹಿಂದೆ ಬಿಳಿಯರು ಉಪನಗರಗಳಿಗೆ ಹೋದರು. ಕಪ್ಪು ಜನರಿಗೆ ಅಲ್ಲಿ ಮನೆ ಮಾರುವವರಿರಲಿಲ್ಲ, ಸಾಲ ಕೊಡುವ ಬ್ಯಾಂಕುಗಳೂ ಇರಲಿಲ್ಲ. ಅವರ ಅಂಗಡಿ, ಸಂಗೀತಶಾಲೆ, ಚರ್ಚುಗಳಿಂದ ತುಂಬಿದ್ದ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಎಂಬ ಕೇರಿಗಳನ್ನು ನಗರ ನವೀಕರಣದ ಹೆಸರಿನಲ್ಲಿ ಕೆಡವಿ, ಅವುಗಳ ಮೇಲೆ ಹೆದ್ದಾರಿ ಹಾಯಿಸಲಾಯಿತು. 1967ರ ಜುಲೈ ತಿಂಗಳ ಗಲಭೆಯಲ್ಲಿ 43 ಜನ ಸತ್ತರು. ನಗರದ ಅವನತಿ ಆ ಗಲಭೆಯಿಂದಲೇ ಆರಂಭವಾಯಿತೆಂದು ಹೇಳುವವರು ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳನ್ನು ಮರೆತು ಮಾತನಾಡುತ್ತಾರೆ.

ಎಂಟನೇ ಮೈಲಿ ರಸ್ತೆಯ ದಕ್ಷಿಣಕ್ಕೆ ಒಂದು ಗೋಡೆಯಿದೆ. ಆರು ಅಡಿ ಎತ್ತರ, ಅರ್ಧ ಮೈಲಿ ಉದ್ದ. ಕಪ್ಪು ಜನ ವಾಸಿಸುವ ಓಣಿಯ ಪಕ್ಕದಲ್ಲಿ ಬಿಳಿಯರಿಗಾಗಿ ಬಡಾವಣೆ ಕಟ್ಟಲು ಹೊರಟವರಿಗೆ ಸರ್ಕಾರದ ಸಾಲದ ಖಾತರಿ ಸಿಗಬೇಕಾದರೆ ಎರಡರ ನಡುವೆ ತಡೆ ಬೇಕಾಗಿತ್ತು. ಅದಕ್ಕಾಗಿ 1941ರಲ್ಲಿ ಈ ಗೋಡೆ ಎದ್ದಿತು. ಅದನ್ನು ನಾನು ಮೊದಲು ನೋಡಿದ್ದು ಅಲ್ಲಿ ಹದಿನೈದಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 2006ರಲ್ಲಿ ಓಣಿಯವರೂ ಕಲಾವಿದರೂ ಸೇರಿ ಗೋಡೆಯ ಒಂದು ಭಾಗಕ್ಕೆ ಚಿತ್ರ ಬರೆದ ನಂತರ. ಮಕ್ಕಳ ಆಟದ ಬಯಲಿಗೆ ಮುಖಮಾಡಿದ ಆ ಭಾಗದಲ್ಲಿ ಈಗ ಮನೆಗಳು, ಮಕ್ಕಳು, ಅವರ ಇತಿಹಾಸದ ಮುಖಗಳು ಇವೆ. ಉಳಿದ ಗೋಡೆ ಬರಿಯ ಸಿಮೆಂಟಾಗಿ ಯಾರ್ಯಾರದೋ ಹಿತ್ತಿಲುಗಳ ನಡುವೆ ಮರೆಯಾಗುತ್ತದೆ. ಕಲೆಯಿಂದ ಆ ಊರಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಗೋಡೆಯ ಸಂಗತಿಯನ್ನು. ತಮ್ಮನ್ನು ಬೇರ್ಪಡಿಸಲು ಕಟ್ಟಿದ್ದನ್ನು ಕೆಡವದೆ, ಮರೆಮಾಚದೆ, ಅದರ ಮೇಲೆ ತಮ್ಮ ಕಥೆಯನ್ನು ಬರೆದುಕೊಂಡವರು ಅಲ್ಲಿಯ ಜನರೇ.

ಲೇಖನ ಎರಡು ಸಾಲಿನಲ್ಲಿ ಮುಗಿಸಿದ ಹೈಡೆಲ್‌ಬರ್ಗ್ ಬೀದಿಯ ವಿಷಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆ ಬೀದಿಯ ಕಲಾಕೃತಿಗಳನ್ನು ರೂಪಿಸಿದ ಟೈರೀ ಗೈಟನ್ ಹೊರಗಿನಿಂದ ಬಂದವರಲ್ಲ. ಅವರು ಬೆಳೆದದ್ದೇ ಆ ಬೀದಿಯಲ್ಲಿ. ಸುತ್ತಲಿನ ಮನೆಗಳು ಒಂದೊಂದಾಗಿ ಬಾಗಿಲು ಮುಚ್ಚಿ, ಮಾದಕ ವಸ್ತುಗಳ ಅಡ್ಡೆಗಳಾಗುತ್ತಿದ್ದಾಗ, 1986ರಲ್ಲಿ ಅವರು ತಮ್ಮ ಅಜ್ಜ ಸ್ಯಾಮ್ ಮ್ಯಾಕಿಯವರೊಂದಿಗೆ ಸೇರಿ ಪಾಳುಬಿದ್ದ ಮನೆಗಳಿಗೆ ದೊಡ್ಡ ದೊಡ್ಡ ಬಣ್ಣದ ಚುಕ್ಕೆಗಳನ್ನು ಬಳಿದು, ಬೀದಿಯಲ್ಲಿ ಬಿದ್ದಿದ್ದ ಬೂಟುಗಳನ್ನೂ ಬೊಂಬೆಗಳನ್ನೂ ಹಳೆಯ ಯಂತ್ರಗಳನ್ನೂ ಅವುಗಳಿಗೆ ಜೋಡಿಸತೊಡಗಿದರು. ನಗರಾಡಳಿತ 1991ರಲ್ಲಿ ಒಮ್ಮೆ, 1999ರಲ್ಲಿ ಮತ್ತೊಮ್ಮೆ ಬುಲ್ಡೋಜರ್ ತಂದು ಅದರ ಭಾಗಗಳನ್ನು ಕೆಡವಿತು. 2013 ಮತ್ತು 2014ರಲ್ಲಿ ಒಂದರ ಹಿಂದೆ ಒಂದರಂತೆ ಮನೆಗಳಿಗೆ ಬೆಂಕಿ ಬಿತ್ತು. ಪ್ರತಿ ಸಲವೂ ಅವರು ಉಳಿದದ್ದನ್ನು ಹೆಕ್ಕಿ ಮತ್ತೆ ಜೋಡಿಸಿದರು. ಜಗತ್ತಿನ ಎಲ್ಲೆಡೆಯಿಂದ ಜನ ನೋಡಲು ಬರುವ ತಾಣವನ್ನು ಊರಿನ ಆಡಳಿತವೇ ಎರಡು ಸಲ ಕೆಡವಿತ್ತು ಎಂಬುದು ನಿಮ್ಮ ಲೇಖನದಲ್ಲಿ ಇಲ್ಲ. ಅದಿಲ್ಲದೆ ಅಲ್ಲಿನ ಕಲಾವಿದ ಎಂತಹ ನೆಲದ ಮೇಲೆ ನಿಂತಿದ್ದ ಎಂಬುದು ಓದುಗರಿಗೆ ತಿಳಿಯುವುದಿಲ್ಲ.

ನನ್ನ ಅಕ್ಕ ದಾವಣಗೆರೆಯಿಂದ ಬಂದಿದ್ದಾಗ ಅವಳನ್ನು ಆ ಬೀದಿಗೆ ಕರೆದುಕೊಂಡು ಹೋಗಿದ್ದೆ. ಗೋಡೆಯ ತುಂಬ ಮೊಳೆ ಹೊಡೆದು ನಿಲ್ಲಿಸಿದ ಬೊಂಬೆಗಳನ್ನು ಬಹಳ ಹೊತ್ತು ನೋಡಿದ ಅವಳು, “ಇದೇನೋ ತಮ್ಮ, ಇಡೀ ಓಣಿಗೇ ದೃಷ್ಟಿಬೊಂಬೆ ಕಟ್ಟಿದಾರಲ್ಲ” ಎಂದಳು. ಅಷ್ಟು ಸರಿಯಾದ ವಿವರಣೆಯನ್ನು ನಾನು ಬೇರೆಲ್ಲೂ ಓದಿಲ್ಲ. ಎದುರು ಮನೆಯ ಜಗುಲಿಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮನ್ನು ಮಾತನಾಡಿಸಿದರು. ಮೊದಮೊದಲು ಈ ಚುಕ್ಕೆಗಳೂ ಬೊಂಬೆಗಳೂ ತಮಗೆ ಹಿಡಿಸಿರಲಿಲ್ಲವೆಂದೂ, ಆದರೆ ನೋಡಲು ಬರುವ ಕಾರುಗಳು ಹೆಚ್ಚಿದ ಮೇಲೆ ಮೂಲೆಯಲ್ಲಿ ಮಾದಕ ಪುಡಿ ಮಾರುತ್ತಿದ್ದವರು ಜಾಗ ಬಿಟ್ಟರೆಂದೂ ಹೇಳಿ, “ನೀವು ಎಲ್ಲಿಂದ?” ಎಂದು ಕೇಳಿದರು. ನಾನು ಟ್ರಾಯ್ ಎಂದೆ. “ಅಷ್ಟು ಹತ್ತಿರದಿಂದಲೇ?” ಎಂದರು. ನಲವತ್ತು ವರ್ಷಗಳಿಂದ ಅದೇ ಮನೆಯಲ್ಲಿ ಬದುಕಿದ್ದ ಆ ತಾಯಿಯ ಊರನ್ನು ಖಾಲಿ ಎಂದು ಬರೆಯಬಹುದೇ?

ಸಂಗೀತದ ವಿಷಯದಲ್ಲೂ ಇದೇ ಕಥೆ. ಕಾರಿನ ಜೋಡಣಾ ಸಾಲಿನಲ್ಲಿ ಕೆಲಸ ಮಾಡಿದ್ದ ಬೆರಿ ಗೋರ್ಡಿ 1959ರಲ್ಲಿ ವೆಸ್ಟ್ ಗ್ರ್ಯಾಂಡ್ ಬೊಲೆವಾರ್ಡ್‌ನ ಒಂದು ಸಾಧಾರಣ ಮನೆಯಲ್ಲಿ ಆರಂಭಿಸಿದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆ ಇರಲಿ, ಕೆಲಸವಿಲ್ಲದ 1980ರ ದಶಕದಲ್ಲಿ ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ತರುಣರು ರೂಪಿಸಿದ ಟೆಕ್ನೊ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತ ಇರಲಿ, ಎರಡೂ ಜಗತ್ತನ್ನು ತಲುಪಿದ್ದು ಆ ನೆಲದ ಕಪ್ಪು ಜನರಿಂದ.

ಹೊಸಬರು ಏನೂ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ನಾನೂ ಆ ಸೀಮೆಗೆ ಹೊಸಬನಾಗಿಯೇ ಹೋದವನು. ಆದರೆ ಹೊಸಬರೆಂದರೆ ಯಾರು ಎಂಬಲ್ಲಿಯೂ ಲೇಖನದ ದೃಷ್ಟಿ ಕಿರಿದಾಗಿದೆ. ಡೆಟ್ರಾಯಿಟ್‌ನ ಹೊಟ್ಟೆಯೊಳಗೇ ಇರುವ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಊರಿನ ಅಂಚಿನಲ್ಲಿ ಬಾಂಗ್ಲಾದೇಶದಿಂದ ಬಂದ ಕುಟುಂಬಗಳು ಹಳೆಯ ಮನೆಗಳನ್ನು ಕೊಂಡು, ರಿಪೇರಿ ಮಾಡಿ, ಮಕ್ಕಳು ಮೊಮ್ಮಕ್ಕಳೊಂದಿಗೆ ನೆಲೆಸಿವೆ. ಒಂದು ಕಾಲಕ್ಕೆ ಪೋಲೆಂಡಿನ ಕಾರ್ಮಿಕರಿಂದ ತುಂಬಿದ್ದ ಆ ಕಾರ್ಖಾನೆ ಊರಿನ ಸುತ್ತ ಈಗ ಬಂಗಾಳಿ ಫಲಕಗಳ ಅಂಗಡಿಗಳಿವೆ, ಮಸೀದಿಗಳಿವೆ, ಮಿಠಾಯಿ ಅಂಗಡಿಗಳಿವೆ. ಬೇಸಿಗೆಯಲ್ಲಿ ಅಲ್ಲಿನ ಹಿತ್ತಿಲುಗಳಲ್ಲಿ ಸೋರೆಬಳ್ಳಿಯ ಚಪ್ಪರ ಕಾಣುತ್ತದೆ. ನಾವು ಟ್ರಾಯ್‌ನಿಂದ ಅರ್ಧ ಗಂಟೆ ಕಾರು ಓಡಿಸಿಕೊಂಡು ಹೋಗಿ ಸೋರೆಕಾಯಿ, ಹರಿವೆಸೊಪ್ಪು ತರುತ್ತಿದ್ದೆವು. ಡೆಟ್ರಾಯಿಟ್‌ನ ನೈರುತ್ಯ ಭಾಗದಲ್ಲಿ ಮೆಕ್ಸಿಕೋ ಮೂಲದವರು ಇದೇ ರೀತಿ ಇಡೀ ಪ್ರದೇಶವನ್ನು ಉಳಿಸಿಕೊಂಡಿದ್ದಾರೆ. ದೀಪವಿಲ್ಲದ ಬೀದಿಯಲ್ಲಿ ರಾತ್ರಿ ಹತ್ತು ಗಂಟೆಯವರೆಗೆ ಅಂಗಡಿ ತೆರೆದಿಟ್ಟವರ ಚಿತ್ರ ಯಾವ ಪುರವಣಿಯಲ್ಲೂ ಬರಲಿಲ್ಲ. ಹ್ಯಾಮ್‌ಟ್ರಾಮಿಕ್ ಅಂಚಿನ ಆ ಓಣಿಗಳಿಗೆ ಕಲಾವಿದರೂ ಬಂದರು. ಮಿಚ್ ಕೋಪ್ ಮತ್ತು ಜೀನಾ ರೈಕರ್ಟ್ ಎಂಬ ದಂಪತಿ ಪಾಳುಮನೆಗಳನ್ನು ಅಗ್ಗದ ಬೆಲೆಗೆ ಕೊಂಡು, ಅವುಗಳನ್ನು ನಾಟಕ, ಸಂಗೀತ, ಮಕ್ಕಳ ಆಟಕ್ಕೆ ಒದಗುವ ತಾಣಗಳಾಗಿ ಮಾಡಿದರು. ಅವರು ಅಲ್ಲಿಯೇ ಮನೆಮಾಡಿಕೊಂಡು ನೆರೆಯವರಾಗಿ ಬದುಕಿದ್ದರಿಂದ ಅವರ ಕೆಲಸ ಬೇರೂರಿ ಉಳಿಯಿತು ಎಂದು ನನಗನ್ನಿಸುತ್ತದೆ.

ಬಂದು ಹೋಗುವವರ ಕಥೆ ಬೇರೆ. 2010ರಲ್ಲಿ ಬ್ಯಾಂಕ್ಸಿ ಎಂಬ ಹೆಸರಿನಲ್ಲಿ ಗುಟ್ಟಾಗಿ ಚಿತ್ರ ಬರೆಯುವ ಬ್ರಿಟಿಷ್ ಕಲಾವಿದ ಪ್ಯಾಕಾರ್ಡ್ ಕಾರ್ಖಾನೆಯ ಪಾಳುಗೋಡೆಯ ಮೇಲೆ ಒಬ್ಬ ಹುಡುಗನನ್ನೂ, ಇಲ್ಲೆಲ್ಲ ಮರಗಳಿದ್ದ ಕಾಲ ನನಗೆ ನೆನಪಿದೆ ಎಂಬರ್ಥದ ಸಾಲನ್ನೂ ಬರೆದುಹೋದ. ಸ್ಥಳೀಯ ಗ್ಯಾಲರಿಯೊಂದು, ಅಲ್ಲೇ ಬಿಟ್ಟರೆ ಹಾಳಾಗುತ್ತದೆಂಬ ಕಾರಣಕ್ಕೆ, ಆ ಗೋಡೆಯ ತುಂಡನ್ನು ಕತ್ತರಿಸಿ ಒಯ್ದಿತು. 2015ರಲ್ಲಿ ಅದು 1,37,500 ಡಾಲರಿಗೆ ಹರಾಜಾಯಿತು. ಕಾರ್ಖಾನೆಯ ಸುತ್ತ ವಾಸಿಸುವವರಿಗೆ ಉಳಿದದ್ದು ಗೋಡೆಯಲ್ಲಿ ಒಂದು ತೂತು.

ಇನ್ನು ನಗರವೇ ದಿವಾಳಿಯೆಂದು ನ್ಯಾಯಾಲಯದ ಮೆಟ್ಟಿಲೇರಿದ ಸಂಗತಿ. 2013ರ ಜುಲೈ 18ರಂದು ಸುಮಾರು 1,800 ಕೋಟಿ ಡಾಲರ್ ಹೊರೆಯೊಂದಿಗೆ ಡೆಟ್ರಾಯಿಟ್ ದಿವಾಳಿ ಅರ್ಜಿ ಸಲ್ಲಿಸಿತು. ಅಮೆರಿಕದ ಇತಿಹಾಸದಲ್ಲಿ ಯಾವ ನಗರವೂ ಅಷ್ಟು ದೊಡ್ಡ ಮೊತ್ತಕ್ಕೆ ದಿವಾಳಿಯಾಗಿರಲಿಲ್ಲ. ಸಾಲ ಕೊಟ್ಟವರ ಕಣ್ಣು ನಗರದ ಒಡೆತನದಲ್ಲಿದ್ದ ಕಲಾ ಸಂಗ್ರಹಾಲಯದ ಮೇಲೆ ಬಿತ್ತು. ಅಲ್ಲಿ ಮೆಕ್ಸಿಕೋದ ಡಿಯೆಗೊ ರಿವೇರಾ 1932 ಮತ್ತು 1933ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಬಾಗಿದ ಬೆನ್ನುಗಳು, ಕುಲುಮೆಯ ಬೆಂಕಿ, ಎಂಜಿನ್ ಎತ್ತುವ ಕೈಗಳು, ಹೆಗಲಿಗೆ ಹೆಗಲು ಕೊಟ್ಟು ಯಂತ್ರವನ್ನು ನೂಕುವ ಬೇರೆ ಬೇರೆ ಬಣ್ಣದ ಮನುಷ್ಯರು. ಮೊದಲ ಸಲ ಅವುಗಳ ಎದುರು ನಿಂತಾಗ ನನಗೆ ಅಪ್ಪನ ಮೈಗೆ ಅಂಟಿದ ಹತ್ತಿಯ ಧೂಳು ನೆನಪಾಯಿತು. ದತ್ತಿಸಂಸ್ಥೆಗಳೂ ರಾಜ್ಯ ಸರ್ಕಾರವೂ ಸಂಗ್ರಹಾಲಯವೂ ಕೂಡಿ ಎಂಬತ್ತು ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ಪಿಂಚಣಿ ನಿಧಿಗೆ ಒದಗಿಸಿ, ಸಂಗ್ರಹಾಲಯವನ್ನು ನಗರದ ಕೈಯಿಂದ ಸ್ವತಂತ್ರ ಸಂಸ್ಥೆಗೆ ವರ್ಗಾಯಿಸಿದ್ದರಿಂದ ಒಂದು ಚಿತ್ರವೂ ಮಾರಾಟವಾಗಲಿಲ್ಲ. ಲೇಖನ ಇದನ್ನು ದಾನಿಗಳ ಔದಾರ್ಯವೆಂದು ಬಣ್ಣಿಸಿದೆ, ಅದು ಸರಿಯೇ. ಆದರೆ ಆ ಒಪ್ಪಂದಕ್ಕೆ ಪಿಂಚಣಿದಾರರ ಮತ ಬೇಕಾಗಿತ್ತು. ನಗರದ ನಿವೃತ್ತ ನೌಕರರು, ಕಸ ಎತ್ತಿದವರು, ಬಸ್ಸು ಓಡಿಸಿದವರು, ಕಚೇರಿಯ ಗುಮಾಸ್ತರು, 2014ರಲ್ಲಿ ತಮ್ಮ ಪಿಂಚಣಿಯಲ್ಲಿ ಶೇಕಡಾ 4.5ರಷ್ಟು ಕಡಿತವನ್ನೂ, ಬೆಲೆ ಏರಿಕೆಗೆ ತಕ್ಕಂತೆ ಬರುತ್ತಿದ್ದ ಹೆಚ್ಚಳದ ನಷ್ಟವನ್ನೂ ಒಪ್ಪಿಕೊಂಡು ಮತ ಹಾಕಿದರು; ಒಪ್ಪದಿದ್ದರೆ ಕಡಿತ ಇನ್ನೂ ದೊಡ್ಡದಾಗುತ್ತಿತ್ತು. ರಿವೇರಾನ ಗೋಡೆಗಳು ಇಂದು ಅಲ್ಲಿಯೇ ಇರುವುದರಲ್ಲಿ ಅವರ ಪ್ರತಿ ತಿಂಗಳ ಹಣದ ಒಂದು ಪಾಲಿದೆ. ಕಲೆ ನಗರವನ್ನು ಉಳಿಸಿತು ಎಂದು ಬರೆಯುವವರು, ನಗರದ ಬಡ ನಿವೃತ್ತರು ಕಲೆಯನ್ನು ಉಳಿಸಿದರು ಎಂಬುದನ್ನೂ ಬರೆಯಬೇಕು.

ಲೇಖನದಲ್ಲಿ ಮೆಚ್ಚುಗೆಯಿಂದ ಹೇಳಿರುವ ‘ಐನೂರು ಡಾಲರಿನ ಮನೆ’ಯ ಹಿಂದಿನ ಲೆಕ್ಕವನ್ನೂ ಓದುಗರ ಮುಂದಿಡಬೇಕಾಗಿದೆ. ಮಿಷಿಗನ್ ಸಂವಿಧಾನದ ಪ್ರಕಾರ ತೆರಿಗೆಗಾಗಿ ಕಟ್ಟುವ ಮೌಲ್ಯ ಮನೆಯ ಮಾರುಕಟ್ಟೆ ಬೆಲೆಯ ಅರ್ಧವನ್ನು ಮೀರುವಂತಿಲ್ಲ. 2008ರ ಆರ್ಥಿಕ ಕುಸಿತದ ನಂತರ ಡೆಟ್ರಾಯಿಟ್‌ನಲ್ಲಿ ಮನೆಗಳ ಬೆಲೆ ನೆಲಕಚ್ಚಿದರೂ ತೆರಿಗೆಯ ಮೌಲ್ಯ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. 2010ರಿಂದ 2016ರವರೆಗೆ ಮನೆಮಾಲೀಕರ ಮೇಲೆ ಕನಿಷ್ಠ 60 ಕೋಟಿ ಡಾಲರ್ ಹೆಚ್ಚುವರಿ ತೆರಿಗೆ ಬಿದ್ದಿತ್ತೆಂದು ಅಲ್ಲಿನ ದಿನಪತ್ರಿಕೆಯೊಂದು 2020ರಲ್ಲಿ ಲೆಕ್ಕ ತೆಗೆದು ತೋರಿಸಿತು. ಬಡವರಿಗೆ ತೆರಿಗೆ ವಿನಾಯಿತಿ ಇತ್ತು, ಆದರೆ ಅದಕ್ಕೆ ಅರ್ಜಿ ಹಾಕಬೇಕೆಂಬುದು ಬಹಳ ಜನರಿಗೆ ತಿಳಿದೇ ಇರಲಿಲ್ಲ. ಬಾಕಿ ಬಿದ್ದ ಮನೆಗಳನ್ನು ಕೌಂಟಿ (ಅಂದರೆ ಜಿಲ್ಲೆ) ಆಡಳಿತ ವಶಪಡಿಸಿಕೊಂಡು ಹರಾಜಿಗಿಟ್ಟಿತು, ಆ ಹರಾಜಿನ ಎರಡನೇ ಸುತ್ತಿನ ಆರಂಭದ ಬೆಲೆಯೇ ಐನೂರು ಡಾಲರ್ ಆಗಿತ್ತು. ಹೊಸಬರೊಬ್ಬರಿಗೆ ಅಗ್ಗವಾಗಿ ದಕ್ಕಿದ ಮನೆ, ಕಟ್ಟಬಾರದಷ್ಟು ತೆರಿಗೆ ಕಟ್ಟಲಾಗದೆ ಇನ್ನೊಬ್ಬರು ಕಳೆದುಕೊಂಡ ಮನೆಯಾಗಿರಬಹುದು. ಅದನ್ನು ಕೊಂಡ ಕಲಾವಿದನನ್ನು ನಾನು ದೂರುವುದಿಲ್ಲ. ಅವನಿಗೆ ಇದು ತಿಳಿದಿರಲಿಕ್ಕಿಲ್ಲ. ಬರೆಯುವವರು ತಿಳಿದಿರಬೇಕು.

ನಗರದ ನಡುವಿನ ಗ್ರಿಸ್ವಾಲ್ಡ್ ಬೀದಿಯ 1214ನೇ ಸಂಖ್ಯೆಯ ಕಟ್ಟಡದಲ್ಲಿ ಸರ್ಕಾರದ ಬಾಡಿಗೆ ನೆರವಿನಿಂದ ವಾಸವಾಗಿದ್ದ ವೃದ್ಧರು 2014ರ ಹೊತ್ತಿಗೆ ಮನೆ ಖಾಲಿ ಮಾಡಬೇಕಾಯಿತು, ಕಟ್ಟಡ ದುಬಾರಿ ಬಾಡಿಗೆಯ ಅಪಾರ್ಟ್‌ಮೆಂಟಾಗಿ ಬದಲಾಯಿತು. ಅದೇ ವರ್ಷ ಬಾಕಿ ಬಿಲ್ಲಿಗಾಗಿ ಸಾವಿರಾರು ಮನೆಗಳ ನೀರಿನ ಸಂಪರ್ಕ ಕಡಿಯಲಾಯಿತು, ವಿಶ್ವಸಂಸ್ಥೆಯ ತಜ್ಞರೇ ಬಂದು ವಿಚಾರಿಸುವ ಮಟ್ಟಕ್ಕೆ ಅದು ಹೋಯಿತು. ನಗರ ‘ಮರುಹುಟ್ಟು’ ಪಡೆಯುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ವರ್ಷಗಳೂ ಇವೇ.

ಒಳ್ಳೆಯ ಹೆಜ್ಜೆಗಳೂ ಬಿದ್ದಿವೆ. ತಮ್ಮ ಮನೆಯ ಪಕ್ಕದ ಖಾಲಿ ನಿವೇಶನವನ್ನು ನೂರು ಡಾಲರಿಗೆ ಕೊಳ್ಳಲು ಅಲ್ಲಿಯ ನಿವಾಸಿಗಳಿಗೆ ಅವಕಾಶ ಕೊಟ್ಟ ಯೋಜನೆ ನನ್ನ ದೃಷ್ಟಿಯಲ್ಲಿ ಯಾವ ಕಲಾ ಉತ್ಸವಕ್ಕಿಂತಲೂ ದೊಡ್ಡದು, ಏಕೆಂದರೆ ವರ್ಷಗಳಿಂದ ಆ ಜಾಗದ ಹುಲ್ಲು ಕತ್ತರಿಸಿ, ಕಸ ತೆಗೆದು ಕಾಪಾಡಿದವರಿಗೇ ಅದರ ಪತ್ರ ಸಿಕ್ಕಿತು. 1988ರಲ್ಲಿ ಕೊನೆಯ ರೈಲು ಹೊರಟ ಮೇಲೆ ಕಿಟಕಿಯ ಗಾಜುಗಳೂ ಉಳಿಯದ ಮಿಷಿಗನ್ ಸೆಂಟ್ರಲ್ ನಿಲ್ದಾಣವನ್ನು ಫೋರ್ಡ್ ಕಂಪನಿ 2018ರಲ್ಲಿ ಕೊಂಡು, ದುರಸ್ತಿ ಮಾಡಿ, 2024ರ ಜೂನ್‌ನಲ್ಲಿ ಜನರಿಗೆ ತೆರೆಯಿತು. 2023ರಲ್ಲಿ ನಗರದ ಜನಸಂಖ್ಯೆ 1957ರ ನಂತರ ಮೊದಲ ಬಾರಿಗೆ ಏರಿತೆಂದು ಜನಗಣತಿ ಇಲಾಖೆಯ ಅಂದಾಜು ಹೇಳಿತು. ಈ ಸುದ್ದಿ ಓದಿದ ದಿನ ದಾವಣಗೆರೆಯಲ್ಲಿ ಕುಳಿತು ನಾನು ನಿಜಕ್ಕೂ ಸಂತೋಷಪಟ್ಟೆ.

ಲೇಖನದ ಕೊನೆಯಲ್ಲಿ, ನಮ್ಮ ಮುಚ್ಚಿದ ಗಿರಣಿಗಳನ್ನೂ ಇದೇ ರೀತಿ ಕಲಾವಿದರ ಕೈಗೆ ಕೊಟ್ಟರೆ ಹೇಗೆ ಎಂಬ ಪ್ರಶ್ನೆಯಿದೆ. ನನಗೆ ಅದರ ಬಗ್ಗೆ ವಿರೋಧವಿಲ್ಲ. ಆದರೆ ನನ್ನ ತಂದೆ ದುಡಿದ ಗಿರಣಿ ಮುಚ್ಚಿದಾಗ ಅವರಿಗೆ ಬರಬೇಕಿದ್ದ ಹಣಕ್ಕಾಗಿ ಅವರು ವರ್ಷಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ, ಅವರ ಜೊತೆಗಾರರಲ್ಲಿ ಕೆಲವರು ಆ ಹಣ ಕೈಸೇರುವ ಮೊದಲೇ ತೀರಿಕೊಂಡರು. ಅಂತಹ ಜಾಗದಲ್ಲಿ ಚಿತ್ರಶಾಲೆಯೋ ರಂಗಮಂದಿರವೋ ಬರುವುದಾದರೆ, ಗಿರಣಿಯವರಿಗೆ ಹಿಂದೆ ಕೊಡಬೇಕಾದದ್ದು ಮುಟ್ಟಿದೆಯೇ, ಕಾರ್ಮಿಕರ ವಸತಿಯಲ್ಲಿ ಇನ್ನೂ ಇರುವವರ ಹೆಸರಿಗೆ ಹಕ್ಕುಪತ್ರವಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು, ಮತ್ತು ಆ ಮಾತುಕತೆಗೆ ಅವರನ್ನೇ ಕರೆಯಬೇಕು.

ಡೆಟ್ರಾಯಿಟ್ ಬಗ್ಗೆ ನಿಮ್ಮ ಪತ್ರಿಕೆ ಮುಂದೆಯೂ ಬರೆಯಲಿ ಎಂಬುದು ನನ್ನ ಅಪೇಕ್ಷೆ. ಹಾಗೆ ಬರೆಯುವಾಗ ‘ಖಾಲಿ ಊರು’ ಎಂಬ ಮಾತನ್ನು ತಿದ್ದಿಕೊಳ್ಳಬೇಕೆಂದೂ, ಬಂದವರ ಜೊತೆಗೆ ಅಲ್ಲೇ ಉಳಿದಿದ್ದವರೊಬ್ಬರ ಮಾತನ್ನಾದರೂ ಕೇಳಿ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಎಂಜಿನಿಯರ್, ದಾವಣಗೆರೆ